ರಟ್ಟೆ ಮೇಲೆ ಏಳದಿದ್ದರೆ

ರಟ್ಟೆ ಮುರಿದು ದುಡಿಯಬೇಕು ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಮಳೆ ಕೈಕೊಡಬಹುದು, ಪೇಟೆಯ ಧಾರಣೆ ಬೀಳಬಹುದು. ನಮ್ಮ ರಟ್ಟೆಯ ಬಲ ಮಾತ್ರ ನಮ್ಮನ್ನು ಬಿಡಲಾರದು ಎಂದು ನಂಬಿ ಬದುಕು ಮಾಡಿದವರು ನಾವು. ಹೊಲ ಹರಗಲು ಟ್ರ್ಯಾಕ್ಟರು ಬಂದಿದೆ, ರಾಶಿ ಮಾಡಲು ಯಂತ್ರ ಬಂದಿದೆ. ಆದರೂ ಗೊಬ್ಬರದ ಚೀಲ ಇಳಿಸುವುದಕ್ಕೆ, ಹತ್ತಿಯ ಅಂಡಿಗೆ ತುಂಬುವುದಕ್ಕೆ, ಬೆಳೆಗೆ ಔಷಧಿ ಹೊಡೆಯುವುದಕ್ಕೆ, ಬಣವೆ ಒಟ್ಟುವುದಕ್ಕೆ ಮನುಷ್ಯನ ರಟ್ಟೆಯೇ ಬೇಕು. ಆ ರಟ್ಟೆ ಒಂದು ದಿನ ಮೇಲೆ ಏಳಲೊಲ್ಲದು ಎಂದಾದರೆ ಮನೆಯ ಗತಿ ಏನು? ಇವತ್ತು ಈ ವಿಷಯವನ್ನು ನಿಮ್ಮ ಮುಂದೆ ಇಡುತ್ತೇನೆ.

ಯರಗೇರಾ ಸೀಮೆಯ ಒಬ್ಬ ರೈತನನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ವಯಸ್ಸು ಐವತ್ತು ದಾಟಿದೆ. ಹತ್ತಿಗೆ ಔಷಧಿ ಹೊಡೆದು ಬಂದ ರಾತ್ರಿ ಬಲಭುಜ ನೋಯುತ್ತದೆ. ಆ ಬಾಜು ಮಲಗಲು ಆಗುವುದಿಲ್ಲ.

“ದವಾಖಾನಿಗೆ ಹೋಗಿ ತೋರಿಸ್ಕೊಂಡು ಬರ್ರಿ” ಎನ್ನುತ್ತಾಳೆ ಮನೆಯಾಕೆ.

“ಏನಿಲ್ಲ ಬಿಡು, ಉಳುಕೈತಿ. ನಾಕು ದಿನಕ್ಕ ತಾನ ಹೋಗತೈತಿ” ಎನ್ನುತ್ತಾನೆ ಆತ.

ನಾಲ್ಕು ದಿನ ಹೋಗಿ ನಾಲ್ಕು ತಿಂಗಳಾಗುತ್ತದೆ. ಅಂಗಡಿಯ ಗುಳಿಗೆ ನುಂಗಿ ಕೆಲಸ ಸಾಗಿಸುತ್ತಾನೆ. ಒಂದು ದಿನ ಬಂಡಿಯ ಮೇಲಿಂದ ಚೀಲ ಜಗ್ಗುವಾಗ ಭುಜದಲ್ಲಿ ‘ಚಟ್’ ಎಂದಂತಾಗುತ್ತದೆ. ಮರುದಿನ ತಲೆಗೆ ಪಟಗ ಸುತ್ತಿಕೊಳ್ಳಲು ಕೈ ಎತ್ತಿದರೆ ಕೈ ಏಳುವುದಿಲ್ಲ. ಇಂಥ ರೈತ ನಿಮ್ಮ ಓಣಿಯಲ್ಲಿಯೂ ಇರಬಹುದು. ನಿಮ್ಮ ಮನೆಯಲ್ಲಿಯೇ ಇರಬಹುದು.

ಅವನ ಭುಜದಲ್ಲಿ ಏನಾಗಿದೆ? ಇದನ್ನು ತಿಳಿಯಬೇಕಾದರೆ ಮೊದಲು ಭುಜದ ಕೀಲಿನ ಕಟ್ಟು ತಿಳಿಯಬೇಕು. ತೊಡೆಯ ಬುಡದ ಕೀಲು, ಭುಜದ ಕೀಲು ಎರಡೂ ಒಂದೇ ಜಾತಿಯವು. ಎರಡರಲ್ಲಿಯೂ ಒಂದು ಎಲುಬಿನ ಗುಂಡನೆಯ ತುದಿ ಇನ್ನೊಂದು ಎಲುಬಿನ ಗುಳಿಯಲ್ಲಿ ಕೂತಿದೆ. ಆದರೆ ತೊಡೆಯ ಗುಂಡು, ಒರಳಿನಲ್ಲಿ ಒನಕೆ ಇಳಿದ ಹಾಗೆ, ಆಳವಾದ ಗುಳಿಯಲ್ಲಿ ಕೂತಿದೆ. ಭುಜದ ಗುಳಿ ಹಾಗಲ್ಲ, ಅದು ಆಳವಿಲ್ಲದ್ದು. ಸಿಂಬಿಯ ಮೇಲೆ ತುಂಬಿದ ಕೊಡ ಇಟ್ಟ ಹಾಗೆ, ಸಣ್ಣ ಗುಳಿಯ ಮೇಲೆ ದೊಡ್ಡ ಗುಂಡು ಕೂತಿದೆ. ಇದರಿಂದಲೇ ಕೈಯನ್ನು ಮೇಲೆ, ಕೆಳಗೆ, ಹಿಂದೆ, ಮುಂದೆ, ಎತ್ತ ಬೇಕಾದರೂ ತಿರುಗಿಸಬಹುದು. ಇದರಿಂದಲೇ ಕೀಲು ಜಾರುವ ಭಯವೂ ಉಂಟು.

ಸಿಂಬಿಯ ಮೇಲಿನ ಕೊಡ ಜಾರದಂತೆ ತಾಯಂದಿರು ಕೈಯಿಂದ ಹಿಡಿಯುತ್ತಾರಲ್ಲವೆ? ಹಾಗೆಯೇ ಭುಜದ ಗುಂಡನ್ನು ಅದರ ಜಾಗದಲ್ಲಿ ಹಿಡಿಯಲು ನಾಲ್ಕು ಸ್ನಾಯುಗಳಿವೆ. ಇವು ಬೆನ್ನಿನ ಮೇಲ್ಭಾಗದ ಹಲಗೆಯಂಥ ಎಲುಬಿನಿಂದ ಹೊರಟು, ತುದಿಗೆ ಬರುಬರುತ್ತ ಬಿಳಿಯ ಗಟ್ಟಿ ಹುರಿಗಳಾಗಿ, ಗುಂಡನ್ನು ಮುಂದೆ, ಮೇಲೆ, ಹಿಂದೆ ಅಪ್ಪಿಕೊಂಡು ಎಲುಬಿಗೆ ಅಂಟಿವೆ. ಇಂಥ ಹುರಿಗೆ ಸ್ನಾಯುರಜ್ಜು ಎಂದು ಹೆಸರು. ರಜ್ಜು ಎಂದರೆ ಹಗ್ಗವೇ. ಅಂಗಿಯ ತೋಳಿನ ಕಫ್ಫು ಮಣಿಕಟ್ಟನ್ನು ಸುತ್ತಿದಂತೆ ಈ ನಾಲ್ಕು ಹುರಿಗಳು ಕೂಡಿ ಗುಂಡನ್ನು ಸುತ್ತಿರುವುದರಿಂದ ಡಾಕ್ಟರರು ಇದಕ್ಕೆ ‘ರೊಟೇಟರ್ ಕಫ್’ ಎನ್ನುತ್ತಾರೆ. ನಾವು ಇದನ್ನು ಭುಜದ ಪಟ್ಟಿ ಎಂದು ಕರೆಯೋಣ.

ಈ ಪಟ್ಟಿ ಹರಿಯುವುದು ಎರಡು ಬಗೆಯಲ್ಲಿ. ಒಂದು, ಸವೆದು ಹರಿಯುವುದು. ಬಾವಿಯ ಹಗ್ಗವನ್ನು ನೋಡಿರಿ. ಅದು ನಡುವೆ ಹರಿಯುವುದು ಅಪರೂಪ. ದಂಡೆಯ ಕಲ್ಲಿಗೆ ಉಜ್ಜುವ ಕಡೆ ಒಂದೊಂದೇ ಎಳೆ ಬಿಚ್ಚಿಕೊಳ್ಳುತ್ತ ಬರುತ್ತದೆ. ಭುಜದ ಮೇಲಿನ ಹುರಿಯೂ ಹೀಗೆಯೇ. ಅದರ ಮೇಲೆ ಎಲುಬಿನ ಒಂದು ಚಪ್ಪರವಿದೆ. ಕೈಯನ್ನು ತಲೆಯ ಮೇಲೆ ಎತ್ತಿ ಎತ್ತಿ ಮಾಡುವ ಕೆಲಸದಲ್ಲಿ ಆ ಹುರಿ ಚಪ್ಪರದ ಕೆಳಗೆ ಇಕ್ಕಟ್ಟಿನಲ್ಲಿ ಓಡಾಡುತ್ತದೆ. ವಯಸ್ಸಾದಂತೆ ಹುರಿಯ ಕಸುವೂ ಕಡಿಮೆಯಾಗುತ್ತದೆ. ಆದ್ದರಿಂದ ನಲವತ್ತು ದಾಟಿದವರಲ್ಲಿ ಈ ತೊಂದರೆ ಹೆಚ್ಚು. ಬೀಡಿ, ಸಿಗರೇಟು ಸೇದುವವರಲ್ಲಿಯೂ ಸಕ್ಕರೆ ಕಾಯಿಲೆ ಇದ್ದವರಲ್ಲಿಯೂ ಇನ್ನೂ ಹೆಚ್ಚು.

ಇನ್ನೊಂದು, ಒಮ್ಮೆಲೆ ಹರಿಯುವುದು. ಬಂಡಿಯಿಂದ, ಬಣವೆಯಿಂದ, ಮೋಟರ್ ಸೈಕಲ್ಲಿನಿಂದ ಬಿದ್ದು ಕೈ ಊರಿದಾಗ, ಬೆದರಿದ ಎತ್ತು ಹಗ್ಗ ಜಗ್ಗಿದಾಗ, ಜಾರುವ ಚೀಲವನ್ನು ತಟ್ಟನೆ ಹಿಡಿದಾಗ ಹೀಗಾಗುತ್ತದೆ. ಮೊದಲೇ ಸವೆದ ಹುರಿಗೆ ಸಣ್ಣ ಪೆಟ್ಟೂ ಸಾಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಿವಿಗೊಟ್ಟು ಕೇಳಿರಿ. ಚರ್ಮ ಹರಿದರೆ ಕೂಡಿಕೊಳ್ಳುತ್ತದೆ, ಎಲುಬು ಮುರಿದರೆ ಬೆಸೆದುಕೊಳ್ಳುತ್ತದೆ. ಭುಜದ ಪಟ್ಟಿ ಪೂರ್ತಿ ಹರಿದರೆ ಮಾತ್ರ ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಎಲುಬಿನಿಂದ ಬಿಟ್ಟ ಹುರಿಯ ತುದಿಯನ್ನು ಸ್ನಾಯು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹರಕು ಬರುಬರುತ್ತ ದೊಡ್ಡದಾಗಬಹುದು. ಕೆಲಸವಿಲ್ಲದ ಸ್ನಾಯು ಸೊರಗುತ್ತದೆ, ಅದರಲ್ಲಿ ಕೊಬ್ಬು ಸೇರುತ್ತದೆ. ಒಮ್ಮೆ ಹೀಗೆ ಕೊಬ್ಬು ಸೇರಿದ ಸ್ನಾಯು ಮುಂದೆ ಹುರಿಯನ್ನು ಹೊಲಿದರೂ ಮೊದಲಿನ ಕಸುವಿಗೆ ಬರುವುದು ಕಷ್ಟ.

ಕೀಲಿನ ಮೇಲೆ ಇದರ ಪರಿಣಾಮವೇನು? ಕೊಡ ಹಿಡಿದ ಕೈ ಬಿಟ್ಟರೆ ಕೊಡ ಸಿಂಬಿಯ ಮೇಲೆ ಹೊಯ್ದಾಡುತ್ತದೆ. ಪಟ್ಟಿ ಹರಿದರೆ ಭುಜದ ಗುಂಡೂ ಹಾಗೆಯೇ. ಭುಜದ ಹೊರಗಿನ ದೊಡ್ಡ ಸ್ನಾಯು ಅದನ್ನು ಮೇಲಕ್ಕೆ ಎಳೆಯುತ್ತದೆ. ನಡುವೆ ಹಿಡಿದು ಕೂರಿಸುವವರು ಯಾರೂ ಇಲ್ಲ. ಗುಂಡು ಮೇಲೆ ಸರಿದು ಎಲುಬಿನ ಚಪ್ಪರಕ್ಕೆ ತಿಕ್ಕುತ್ತದೆ. ದೊಡ್ಡ ಹರಕನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಕೆಲವರಲ್ಲಿ ಗುಂಡಿನ ಮೇಲಿನ ನುಣುಪಾದ ಮೆಲ್ಲೆಲುಬು ಸವೆದು ಕೀಲೇ ಕೆಡುತ್ತದೆ. ಕೀಲಿನ ಈ ಕೇಡನ್ನು ಅಮೆರಿಕದ ಡಾಕ್ಟರು ಚಾರ್ಲ್ಸ್ ನೀರ್ ಮತ್ತು ಅವರ ಸಂಗಡಿಗರು 1983ರಲ್ಲಿ ವಿವರಿಸಿ ಹೆಸರಿಟ್ಟರು. ಆ ಸ್ಥಿತಿಗೆ ಬಂದ ಮೇಲೆ ಹುರಿ ಹೊಲಿಯುವ ಕಾಲ ಮೀರಿರುತ್ತದೆ. ಕೆಲವರಿಗೆ ಕೀಲನ್ನೇ ಬದಲಿಸಬೇಕಾಗುತ್ತದೆ. ಗುಂಡಿನ ಜಾಗಕ್ಕೆ ಗುಳಿ, ಗುಳಿಯ ಜಾಗಕ್ಕೆ ಗುಂಡು ಕೂರಿಸುವ ಕೃತಕ ಕೀಲನ್ನು ಫ್ರಾನ್ಸಿನ ಪಾಲ್ ಗ್ರಾಮೊಂ ಎಂಬ ಡಾಕ್ಟರು 1985ರಲ್ಲಿ ರೂಪಿಸಿದರು. ಅದು ಕೊನೆಯ ಉಪಾಯ. ಅಲ್ಲಿಯವರೆಗೆ ಹೋಗಗೊಡದಿರುವುದು ಜಾಣತನ.

ಇಷ್ಟು ಕೇಳಿ ಹೆದರಬೇಡಿರಿ. ವಯಸ್ಸಾದ ಅನೇಕರ ಭುಜದಲ್ಲಿ ಸಣ್ಣಪುಟ್ಟ ಹರಕು ಇದ್ದರೂ ನೋವೇ ಇರುವುದಿಲ್ಲ. ಕೈ ಚೆನ್ನಾಗಿ ಕೆಲಸ ಮಾಡುತ್ತಿರುತ್ತದೆ. ಹರಿದದ್ದನ್ನೆಲ್ಲ ಹೊಲಿಯಬೇಕಾಗಿಲ್ಲ. ಆದರೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದನ್ನು ತಿಳಿದವರು ನೋಡಿ ಹೇಳಬೇಕು.

ಗುರುತು ಹಿಡಿಯುವುದು ಹೇಗೆ? ನೋವು ಭುಜದ ಹೊರಬದಿಯಲ್ಲಿ, ರಟ್ಟೆಯ ಅರ್ಧದವರೆಗೆ ಇಳಿಯುತ್ತದೆ. ರಾತ್ರಿ ಹೆಚ್ಚು. ಕೈಯನ್ನು ಬಾಜಿನಿಂದ ಮೇಲಕ್ಕೆ ಎತ್ತುವಾಗ ನಡುವಿನ ಹಂತದಲ್ಲಿ ನೋವು ಚುಚ್ಚುತ್ತದೆ. ಮಾಡದಲ್ಲಿಯ ಡಬ್ಬಿ ಇಳಿಸುವುದು, ತಲೆ ಬಾಚುವುದು, ಬೆನ್ನ ಹಿಂದೆ ಕೈ ಒಯ್ಯುವುದು ಕಷ್ಟ. ಇನ್ನೊಂದು ಗುರುತು ನೋಡಿರಿ. ನೋವಿನ ಕೈಯನ್ನು ಒಳ್ಳೆಯ ಕೈಯಿಂದ ಎತ್ತಿದರೆ ಏಳುತ್ತದೆ, ತಾನಾಗಿ ಏಳದು. ಎತ್ತಿ ಬಿಟ್ಟರೆ ದೊಪ್ಪನೆ ಕೆಳಗೆ ಬೀಳುತ್ತದೆ. ಹಾಗಿದ್ದರೆ ಪಟ್ಟಿ ಹರಿದಿರುವ ಸಂಭವ ಹೆಚ್ಚು. ಬೇರೆಯವರು ಎತ್ತಿದರೂ ಏಳದೆ ಕೀಲೇ ಬಿಗಿದಿದ್ದರೆ ಅದು ಭುಜ ಬಿಗಿಯುವ ಬೇರೆ ತೊಂದರೆ ಇದ್ದೀತು. ಅದು ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು.

ಎಚ್ಚರಿಕೆಯ ಮಾತೊಂದುಂಟು. ಭುಜದ ನೋವಿನ ಜೊತೆಗೆ ಎದೆ ಬಿಗಿದು, ಬೆವರು ಬಂದು, ಉಸಿರು ಸಿಕ್ಕಿದಂತಾದರೆ ಅದು ಹೃದಯದ ತೊಂದರೆ ಇರಬಹುದು. ಒಂದು ಗಳಿಗೆಯೂ ತಡಮಾಡದೆ 108ಕ್ಕೆ ಫೋನು ಮಾಡಿರಿ. ಜ್ವರ ಬಂದು ಭುಜ ಕೆಂಪಗೆ, ಬಿಸಿಯಾಗಿ ಬಾತರೆ, ಅಥವಾ ಬಿದ್ದ ಮೇಲೆ ಭುಜದ ಆಕಾರವೇ ಬದಲಾದರೆ ಅದೇ ದಿನ ದವಾಖಾನೆಗೆ ಹೋಗಬೇಕು.

ನಮ್ಮ ಜನ ಇಂಥ ನೋವಿಗೆ ಏನು ಮಾಡುತ್ತಾರೆ? ಕೆಲವರು ಬಲವಾಗಿ ಮಾಲೀಸು ಮಾಡಿಸಿ ಕೈ ಜಗ್ಗಿಸುತ್ತಾರೆ. ಮೃದುವಾಗಿ ಎಣ್ಣೆ ಸವರಿದರೆ ಮನಸ್ಸಿಗೆ ಹಿತ, ಮೈಗೂ ಹಿತ, ತಪ್ಪಿಲ್ಲ. ಆದರೆ ಕಾಲು ಕೊಟ್ಟು ಕೈ ಜಗ್ಗಿದರೆ ಅರ್ಧ ಹರಿದದ್ದು ಪೂರ್ತಿ ಹರಿದೀತು. ಇನ್ನು ಕೆಲವರು ತಿಂಗಳುಗಟ್ಟಲೆ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂರುತ್ತಾರೆ. ಅದೂ ಕೇಡೇ. ಅಲುಗಾಡದ ಕೀಲು, ತಿರುಗಿಸದ ಬಂಡಿಗಾಲಿಯಂತೆ ಬಿಗಿದುಕೊಳ್ಳುತ್ತದೆ. ಮತ್ತೆ ಕೆಲವರು ಅಂಗಡಿಯ ನೋವಿನ ಗುಳಿಗೆಯನ್ನು ದಿನಾ ನುಂಗುತ್ತಾರೆ. ಗುಳಿಗೆ ನೋವನ್ನು ಮರೆಸುತ್ತದೆಯೇ ಹೊರತು ಹರಿದದ್ದನ್ನು ಕೂಡಿಸುವುದಿಲ್ಲ. ಬಹಳ ದಿನ ತಿಂದರೆ ಹೊಟ್ಟೆ ಸುಡುತ್ತದೆ, ಮೂತ್ರಪಿಂಡವೂ ಕೆಡಬಹುದು. ಭುಜಕ್ಕೆ ಹಾಕುವ ಸೂಜಿಯೂ ಅಷ್ಟೆ. ಡಾಕ್ಟರು ನೋಡಿ ಹಾಕಿದ ಒಂದು ಸೂಜಿ ಕೆಲವು ವಾರ ಆರಾಮ ಕೊಡುತ್ತದೆ. ಮೇಲಿಂದ ಮೇಲೆ ಹಾಕಿಸಿದರೆ ಹುರಿ ಸೋಲುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರುತ್ತದೆ.

ಹಾಗಾದರೆ ಸರಿಯಾದ ದಾರಿ ಯಾವುದು? ಪೆಟ್ಟು ಬಿದ್ದ ಮೊದಲ ಒಂದೆರಡು ದಿನ ಭಾರದ ಕೆಲಸ ಬಿಡಿರಿ. ಬಟ್ಟೆಯಲ್ಲಿ ಸುತ್ತಿದ ಬರ್ಫವನ್ನು ಹತ್ತು ಹದಿನೈದು ನಿಮಿಷ ಇಡಿರಿ. ರಾತ್ರಿ ಆ ಬಾಜು ಮಲಗದೆ, ಕೈಯ ಕೆಳಗೆ ಮಡಚಿದ ಕೌದಿ ಇಟ್ಟುಕೊಂಡು ಮಲಗಿರಿ. ಬಿದ್ದು ಅಥವಾ ಜಗ್ಗಿ ಒಮ್ಮೆಲೆ ಕೈ ಏಳದಂತಾಗಿದ್ದರೆ ಸುಗ್ಗಿ ಮುಗಿಯಲಿ ಎಂದು ಕಾಯಬೇಡಿರಿ. ಅದೇ ವಾರ ತೋರಿಸಿರಿ. ಹೊಲಿಯಬೇಕಾದ ಹರಕಾಗಿದ್ದರೆ ಮೊದಲ ಕೆಲವು ವಾರಗಳು, ಬಹಳವೆಂದರೆ ಮೂರು ತಿಂಗಳು, ಒಳ್ಳೆಯ ಕಾಲ. ಮೆಲ್ಲಗೆ ಬಂದ ನೋವು ಎರಡು ಮೂರು ವಾರಕ್ಕೂ ಇಳಿಯದಿದ್ದರೆ ಆಗಲೂ ತೋರಿಸಬೇಕು.

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ದೇವದುರ್ಗ, ಮಾನ್ವಿ ಕಡೆಯವರಿಗೆ ತಾಲೂಕಿನ ಸರಕಾರಿ ಆಸ್ಪತ್ರೆ ಇದೆ. ರಾಯಚೂರಿನಲ್ಲಿ 2007ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜು ‘ರಿಮ್ಸ್’ ಇದೆ. ಅಲ್ಲಿ ಎಲುಬು ಕೀಲಿನ ಡಾಕ್ಟರರಿಗೆ ತೋರಿಸಬಹುದು. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಹುರಿ ಕಾಣುವುದಿಲ್ಲ. ಆದ್ದರಿಂದ “ಫೋಟೋದಾಗ ಏನೂ ಇಲ್ಲಂದ್ರು” ಎಂದು ಸುಮ್ಮನಾಗಬಾರದು. ಹುರಿ ನೋಡಲು ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಬೇಕಾಗುತ್ತದೆ. ಅದು ಬೇಕೋ ಬೇಡವೋ ಎಂಬುದನ್ನು ಡಾಕ್ಟರು ಕೈ ಮುಟ್ಟಿ ನೋಡಿ ಹೇಳುತ್ತಾರೆ. ಹೋಗುವಾಗ ಆಧಾರ್ ಮತ್ತು ರೇಷನ್ ಕಾರ್ಡು ಒಯ್ಯಿರಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಚಿಕಿತ್ಸೆ ಸೇರುತ್ತದೆಯೇ ಎಂದು ಸರಕಾರಿ ಆಸ್ಪತ್ರೆಯಲ್ಲಿಯೇ ಮೊದಲು ವಿಚಾರಿಸಿರಿ. ಸಾಲ ಮಾಡಿದ ಮೇಲೆ ವಿಚಾರಿಸಿದರೆ ಫಲವಿಲ್ಲ.

ಸವೆದು ಹರಿದ ಅನೇಕ ಭುಜಗಳು ವ್ಯಾಯಾಮದಿಂದಲೇ ಸುಧಾರಿಸುತ್ತವೆ. ಹರಿದ ಹುರಿಯ ಸುತ್ತಲಿನ ಸ್ನಾಯುಗಳು ಬಲಿತು ಅದರ ಪಾಲಿನ ಕೆಲಸ ಹೊರುತ್ತವೆ. ಒಂದು ಎತ್ತು ಕುಂಟಿದಾಗ ಜೊತೆಯ ಎತ್ತು ನೊಗ ತಾಳಿಕೊಂಡಂತೆ. ಆದರೆ ದಿನಾ ತಪ್ಪದೆ ಸುಮಾರು ಮೂರು ತಿಂಗಳು ಮಾಡಬೇಕು. ಡಾಕ್ಟರರು ಒಪ್ಪಿದ ಮೇಲೆ ಮನೆಯಲ್ಲಿ ಮಾಡಬಹುದಾದ ಮೂರನ್ನು ಹೇಳುತ್ತೇನೆ.

ಒಂದನೆಯದು ತೂಗುವುದು. ಒಳ್ಳೆಯ ಕೈಯನ್ನು ಹೊರಸಿನ ಮೇಲೆ ಊರಿ ಮುಂದಕ್ಕೆ ಬಾಗಿರಿ. ನೋವಿನ ಕೈಯನ್ನು ಸಡಿಲಾಗಿ ಇಳಿಬಿಟ್ಟು, ತೊಟ್ಟಿಲು ತೂಗಿದಷ್ಟು ಮೆಲ್ಲಗೆ, ಹಿಂದೆ ಮುಂದೆ ತೂಗಿರಿ. ಸಣ್ಣ ಸುತ್ತು ತಿರುಗಿಸಿರಿ. ಎರಡನೆಯದು ಗೋಡೆ ಏರುವುದು. ಗೋಡೆಯ ಎದುರು ನಿಂತು ಬೆರಳುಗಳಿಂದ ಇರುವೆಯಂತೆ ಮೇಲೇರಿರಿ. ತಡೆದುಕೊಳ್ಳುವಷ್ಟು ಎತ್ತರಕ್ಕೆ ಮುಟ್ಟಿ ಮೆಲ್ಲಗೆ ಇಳಿಯಿರಿ. ಇವತ್ತು ಮುಟ್ಟಿದ ಕಡೆ ಸುಣ್ಣದ ಗುರುತು ಮಾಡಿದರೆ ವಾರದ ಮೇಲೆ ಎಷ್ಟು ಏರಿದಿರೆಂದು ಗೊತ್ತಾಗುತ್ತದೆ. ಮೂರನೆಯದು ಟ್ಯೂಬು ಜಗ್ಗುವುದು. ಸೈಕಲ್ಲಿನ ಹಳೆಯ ಟ್ಯೂಬಿನಿಂದ ಸೀಳಿದ ಒಂದು ಪಟ್ಟಿಯನ್ನು ಕಂಬಕ್ಕೆ ಕಟ್ಟಿ, ಕಂಬಕ್ಕೆ ಬಾಜಾಗಿ, ನೋವಿನ ಕೈ ಆಚೆ ಬದಿಗೆ ಬರುವಂತೆ ನಿಲ್ಲಿರಿ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಅಂಗೈಯನ್ನು ಮಾತ್ರ ಹೊಟ್ಟೆಯಿಂದ ಹೊರಕ್ಕೆ ಎಳೆಯಿರಿ. ಒಂದೊಂದನ್ನೂ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಮಾಡುವಾಗ ತುಸು ನೋವಾದರೆ ಚಿಂತೆಯಿಲ್ಲ. ಮರುದಿನ ನೋವು ಏರಿದ್ದರೆ ಮಾಡಿದ್ದು ಹೆಚ್ಚಾಯಿತೆಂದು ತಿಳಿದು ಕಡಿಮೆ ಮಾಡಿರಿ.

ಶಸ್ತ್ರಚಿಕಿತ್ಸೆ ಹೊಸದೇನಲ್ಲ. ಅಮೆರಿಕದ ಬೋಸ್ಟನ್ ಪಟ್ಟಣದ ಅರ್ನೆಸ್ಟ್ ಕಾಡ್‌ಮನ್ ಎಂಬ ಡಾಕ್ಟರು 1909ರಲ್ಲಿಯೇ ಹರಿದ ಪಟ್ಟಿಯನ್ನು ಹೊಲಿದಿದ್ದರು. ಈಗ ಸಣ್ಣ ತೂತುಗಳಿಂದ ದುರ್ಬೀನು ಹಾಕಿ ನೋಡಿ, ಹುರಿಯನ್ನು ಮತ್ತೆ ಎಲುಬಿಗೆ ಹೊಲಿಯುತ್ತಾರೆ. ಹೊಲಿದ ಮೇಲೆ ನಾಲ್ಕರಿಂದ ಆರು ವಾರ ಜೋಳಿಗೆ ಕಟ್ಟಬೇಕು. ಚೀಲ ಎತ್ತಲು ಸುಮಾರು ಆರು ತಿಂಗಳು ಬೇಕಾಗುತ್ತದೆ.

“ಆರು ತಿಂಗಳ ಮನ್ಯಾಗ ಕುಂತ್ರ ಹೊಟ್ಟಿಗೇನು?” ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಇದಕ್ಕೆ ನಮ್ಮ ನಾಡಿನ ಇಬ್ಬರ ಮಾತು ಹೇಳುತ್ತೇನೆ. ಮೈಸೂರಿನ ಜಾವಗಲ್ ಶ್ರೀನಾಥ್ ಕ್ರಿಕೆಟ್ಟಿನಲ್ಲಿ ವೇಗದ ಚೆಂಡು ಎಸೆಯುತ್ತಿದ್ದವರು. ಅವರ ದುಡಿಮೆಯೂ ರಟ್ಟೆಯ ದುಡಿಮೆಯೇ. 1997ರಲ್ಲಿ ಅವರಿಗೆ ಇದೇ ಭುಜದ ಪಟ್ಟಿಯ ತೊಂದರೆಯಾಗಿ ಶಸ್ತ್ರಚಿಕಿತ್ಸೆ ಆಯಿತು. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ತಿಂಗಳುಗಟ್ಟಲೆ ಆಟ ಬಿಟ್ಟರು. ಕಾದು, ಸುಧಾರಿಸಿಕೊಂಡು ಮರಳಿದರು. 1999ರಲ್ಲಿ ಕಲಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ತೆಗೆದರು, 2003ರವರೆಗೆ ಆಡಿದರು. ಬೆಂಗಳೂರಿನ ಅನಿಲ್ ಕುಂಬ್ಳೆಯವರೂ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2001ರಲ್ಲಿ ಆಸ್ಟ್ರೇಲಿಯಾ ಇಲ್ಲಿಗೆ ಬಂದಾಗ ಆಡಲಾಗಲಿಲ್ಲ. ಮುಂದೆ 2008ರಲ್ಲಿ ನಿವೃತ್ತರಾಗುವ ಹೊತ್ತಿಗೆ 619 ಟೆಸ್ಟ್ ವಿಕೆಟ್ ಅವರ ಹೆಸರಿನಲ್ಲಿದ್ದವು.

ಅವರು ಕೂತಾಗ ಅವರ ಜಾಗದಲ್ಲಿ ಬೇರೆಯವರು ಚೆಂಡು ಹಿಡಿದರು. ರೈತನ ಜಾಗದಲ್ಲಿ ನಿಲ್ಲುವವರು ಯಾರು? ನಿಲ್ಲುವವರು ಇದ್ದಾರೆ. ನಮ್ಮ ಹಿರಿಯರು ಹಾಕಿಕೊಟ್ಟ ಮುಯ್ಯಾಳಿನ ಪದ್ಧತಿ ಇದಕ್ಕಾಗಿಯೇ ಇರುವುದು. ಭುಜ ಕೆಟ್ಟವನು ಚೀಲ ಹೊರಲಾರ; ಆದರೆ ನೀರು ಕಟ್ಟಬಲ್ಲ, ದನ ಕಾಯಬಲ್ಲ, ಪೇಟೆಯ ವ್ಯವಹಾರ ನೋಡಬಲ್ಲ. ಅವನ ಚೀಲ ಇವನು ಹೊತ್ತರೆ, ಇವನ ನೀರಿನ ಸರದಿಯನ್ನು ಅವನು ಕಾಯಲಿ. ಒಂದು ಹಂಗಾಮು ಹೀಗೆ ದಾಟಿದರೆ ಮುಂದಿನ ಹತ್ತು ಹಂಗಾಮಿಗೆ ರಟ್ಟೆ ಉಳಿಯುತ್ತದೆ.

ಭುಜ ಕೆಡುವ ಮೊದಲೇ ಕಾಯ್ದುಕೊಳ್ಳುವುದು ಎಲ್ಲಕ್ಕಿಂತ ಮೇಲು. ಯೂರಿಯಾ ಚೀಲ 45 ಕಿಲೋ, ಡಿ.ಎ.ಪಿ. ಚೀಲ 50 ಕಿಲೋ, ನಮ್ಮ ಕಡೆಯ ಭತ್ತದ ಚೀಲ 75 ಕಿಲೋ. ಇವನ್ನು ಒಬ್ಬನೇ ಎತ್ತುವುದು ಗಂಡಸುತನವಲ್ಲ. ಇಬ್ಬರು ಎತ್ತಿರಿ, ಸೊಂಟದ ಮಟ್ಟದ ಕಟ್ಟೆಯ ಮೇಲೆ ಇಳಿಸಿರಿ. ಚೀಲವನ್ನು ಮೈಗೆ ಹತ್ತಿರ ಹಿಡಿಯಿರಿ. ಚಾಚಿದ ಕೈಯಲ್ಲಿ ಭಾರ ಎತ್ತಬೇಡಿರಿ. ಬೆನ್ನಿನ ಪಂಪಿಗೆ 16 ಲೀಟರು ನೀರು ತುಂಬಿದರೆ ನೀರೇ 16 ಕಿಲೋ, ಪಂಪಿನ ತೂಕ ಬೇರೆ. ಅದನ್ನು ನೆಲದಿಂದ ಝಾಡಿಸಿ ಹೆಗಲಿಗೆ ಹಾಕಬೇಡಿರಿ. ಬದುವಿನ ಮೇಲಿಟ್ಟು, ಎರಡೂ ಪಟ್ಟಿ ಹಾಕಿಕೊಂಡು ಏಳಿರಿ. ಹಿಡಿಕೆ ಒತ್ತುವ ಕೈ ಬದಲಿಸುತ್ತಿರಿ. ರಾಶಿ ತೂರುವಾಗ ಬುಟ್ಟಿ ಅರ್ಧ ತುಂಬಿರಿ. ಎತ್ತಿನ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿರಿ.

ತಾಯಂದಿರಿಗೆ ಒಂದು ಮಾತು. ನೀರಿನ ಕೊಡ ಎತ್ತುವವರು ನೀವು, ಬಟ್ಟೆ ಒಗೆಯುವವರು ನೀವು, ದಿನವೆಲ್ಲ ಹತ್ತಿ ಬಿಡಿಸಿ ಬಂದು ರೊಟ್ಟಿ ಬಡಿಯುವವರೂ ನೀವು. ಗಂಡಸರ ನೋವು ಊರಿಗೆಲ್ಲ ಕೇಳುತ್ತದೆ. ನಿಮ್ಮ ನೋವು ಒಲೆಯ ಮುಂದೆಯೇ ಉಳಿಯುತ್ತದೆ. “ಯಾಕಬೇ ಯವ್ವಾ, ತಲಿ ಬಾಚ್ಕೊಳ್ಳಾಕ ಕೈ ಏಳವಲ್ದಾ?” ಎಂದು ಮಗಳು ಕೇಳಿದರೆ “ವಯಸ್ಸಾತು ಬಿಡವಾ” ಎಂದು ತೇಲಿಸಬೇಡಿರಿ. ಮನೆಯ ಗಂಡಸರು ಈ ಮಾತನ್ನು ಕೇಳಿಸಿಕೊಳ್ಳಲಿ. ದಿನಾ ಬಳಸುವ ಡಬ್ಬಿಗಳನ್ನು ಎದೆಯ ಮಟ್ಟಕ್ಕೆ ಇಳಿಸಿಡಿರಿ. ತುಂಬಿದ ಕೊಡವನ್ನು ಇಬ್ಬರು ಹಿಡಿದು ಎತ್ತಿರಿ.

ಕೊನೆಗೆ, ಇಷ್ಟನ್ನು ನೆನಪಿಡಿರಿ. ಬಿದ್ದ ಮೇಲೆ ಕೈ ಏಳದಿದ್ದರೆ ವಾರದೊಳಗೆ ತೋರಿಸಿರಿ. ಮೆಲ್ಲಗೆ ಬಂದ ನೋವಾದರೆ ಮೂರು ವಾರಕ್ಕಿಂತ ಹೆಚ್ಚು ಕಾಯಬೇಡಿರಿ. ಕೈ ಜಗ್ಗಿಸಬೇಡಿರಿ, ತಿಂಗಳುಗಟ್ಟಲೆ ಕಟ್ಟಿಯೂ ಇಡಬೇಡಿರಿ. ವ್ಯಾಯಾಮವನ್ನು ಮೂರು ತಿಂಗಳು ತಪ್ಪಿಸಬೇಡಿರಿ. ಬಾವಿಯ ಹಗ್ಗದ ಎಳೆ ಬಿಚ್ಚಿದ್ದು ಕಂಡಾಗಲೇ ಜಾಣ ರೈತ ಹೊಸ ಹಗ್ಗ ತರುತ್ತಾನೆ. ಕೊಡ ಬಾವಿಗೆ ಬೀಳುವವರೆಗೆ ಕಾಯುವುದಿಲ್ಲ. ಭುಜದ ಹುರಿಗೆ ಹೊಸ ಹಗ್ಗ ಪೇಟೆಯಲ್ಲಿ ಸಿಕ್ಕುವುದಿಲ್ಲ. ಇದ್ದುದನ್ನೇ ಕಾಯ್ದುಕೊಳ್ಳಬೇಕು.